ಕೆರೆಗೆ ಸುಣ್ಣ ಬಳಿದದ್ದು

ಮೊನ್ನೆ ಬಾಲ್ಕನಿ ಗುಡಿಸುವಾಗ ಹಳೆಯ ಕೂಲರ್‌ನ ಹಿಂದಿನಿಂದ ಒಂದು ಸುಣ್ಣದ ಬ್ರಷ್ ಸಿಕ್ಕಿತು. ಕೂದಲೆಲ್ಲ ಸುಣ್ಣ ಕುಡಿದು ಕಲ್ಲಾಗಿತ್ತು. ಅದರಲ್ಲಿ ಇನ್ನು ಗೋಡೆ ಬಳಿಯುವುದಿರಲಿ, ಬೆನ್ನು ತುರಿಸಿಕೊಳ್ಳುವುದೂ ಆಗದು. "ಬಿಸಾಕು ಅದನ್ನ" ಎಂದರು ನಮ್ಮನೆಯವರು, ಪೇಪರಿನಿಂದ ತಲೆ ಎತ್ತದೆ. ನಾನು ಬಿಸಾಕಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಬೆತ್ತದ ಪೀಠದ ಮೇಲೆ ಕುಳಿತು ನಗುವುದಕ್ಕೆ ಶುರು ಮಾಡಿದೆ. ಅವರು ಕೊನೆಗೂ ತಲೆ ಎತ್ತಿ, ನನ್ನನ್ನೂ ಬ್ರಷ್ಷನ್ನೂ ನೋಡಿ, ತಾವೂ ನಕ್ಕರು. ನಗದೆ ಏನು ಮಾಡುತ್ತಾರೆ? ಆ ಕಥೆಯಲ್ಲಿ ಅವರೂ ಪೈಜಾಮ ಮೇಲೆ ಕಟ್ಟಿಕೊಂಡು ಕೆಸರಲ್ಲಿ ನಿಂತವರೇ.

ಕಥೆಗೆ ಮೊದಲು ಸುಣ್ಣಕ್ಕೂ ನನಗೂ ಇರುವ ನಂಟನ್ನು ಹೇಳಬೇಕು. ಇಲ್ಲದಿದ್ದರೆ ನೀವು ನನ್ನನ್ನು ಬರೀ ಪೆದ್ದಿ ಎಂದುಕೊಳ್ಳುತ್ತೀರಿ. ನಮ್ಮಪ್ಪ ರೈಲ್ವೆಯಲ್ಲಿ ಗುಮಾಸ್ತರು. ಅರಸೀಕೆರೆಯ ಆಚೆ ಒಂದು ಪುಟ್ಟ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ನಾನು ಬೆಳೆದದ್ದು. ವರ್ಷವಿಡೀ ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುತ್ತಿರಲಿಲ್ಲ. ಚಳಿ ಶುರುವಾಗುತ್ತಲೇ ಮಾತ್ರ ಒಂದು ಸುದ್ದಿ ಓಡಾಡುತ್ತಿತ್ತು: ಇನ್‌ಸ್ಪೆಕ್ಷನ್! ದೊಡ್ಡ ಸಾಹೇಬರು ರೈಲಿಗೆ ಜೋಡಿಸಿದ ತಮ್ಮದೇ ಸಲೂನ್ ಬೋಗಿಯಲ್ಲಿ ಬರುತ್ತಾರಂತೆ. ಅಷ್ಟು ಕೇಳಿದ್ದೇ ಇಡೀ ಸ್ಟೇಷನ್ ಎದ್ದು ನಿಲ್ಲುತ್ತಿತ್ತು. ಪ್ಲಾಟ್‌ಫಾರಂ ಅಂಚಿನ ಕಲ್ಲಿಗೆ ಸುಣ್ಣ, ಹೂವಿನ ಕುಂಡಕ್ಕೆ ಕೆಮ್ಮಣ್ಣು, ಬೇವಿನ ಮರಕ್ಕೆ ಸೊಂಟದವರೆಗೆ ಬಿಳಿ ಪಂಚೆ ಉಡಿಸಿದ ಹಾಗೆ ಸುಣ್ಣ, ಮೇಲೊಂದು ಕೆಮ್ಮಣ್ಣಿನ ಅಂಚು. ಬೆಂಕಿ ಆರಿಸುವ ಬಕೆಟ್ಟುಗಳಿಗೆ ಜರಡಿ ಹಿಡಿದ ಹೊಸ ಮರಳು. ಒಂದು ವರ್ಷ ಪಾಯಿಂಟ್ಸ್‌ಮನ್ ನಂಜಪ್ಪ ಉತ್ಸಾಹ ತಡೆಯಲಾರದೆ, ಬುಕಿಂಗ್ ಕಿಟಕಿಯ ಕೆಳಗೆ ಮಲಗಿರುತ್ತಿದ್ದ ಬಿಳಿ ನಾಯಿಯ ಕಿವಿಗೂ ಕೆಮ್ಮಣ್ಣು ಹಚ್ಚಿಬಿಟ್ಟಿದ್ದ. ಅಮ್ಮ ತಾನೇನು ಕಡಿಮೆ ಎಂದು ನಮ್ಮನ್ನೆಲ್ಲ ಬಚ್ಚಲಲ್ಲಿ ಕೂರಿಸಿ, ಸಾಹೇಬರು ನಮ್ಮ ಕಿವಿಯ ಹಿಂದೆಯೂ ಇಣುಕಿ ನೋಡುತ್ತಾರೇನೋ ಎನ್ನುವಂತೆ ಸೀಗೇಕಾಯಿ ಹಾಕಿ ಉಜ್ಜುತ್ತಿದ್ದಳು.

ಸಾಹೇಬರು ಬರುತ್ತಿದ್ದರು. ಇಳಿಯುತ್ತಿದ್ದರು. ಎಳನೀರು ಕುಡಿದು, ಸುತ್ತ ಒಮ್ಮೆ ಕಣ್ಣಾಡಿಸಿ, "ವೆರಿ ಗುಡ್" ಎಂದು ಮತ್ತೆ ಹತ್ತಿ ಹೋಗುತ್ತಿದ್ದರು. ಆ ಎರಡು ಶಬ್ದದ ಸುಖದಲ್ಲಿ ಅಪ್ಪ ಮುಂದಿನ ಚಳಿಗಾಲದವರೆಗೆ ತೇಲುತ್ತಿದ್ದರು. ನನಗೂ ಅದೇ ರಕ್ತ.

ಮುಂದೆ ನಾನೇ ದಿಲ್ಲಿಗೆ ಬಂದು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತೆಯಾದೆ. ಅಲ್ಲಿಯೂ ಅದೇ ಕಥೆ. ಮೇಲಿನವರು ಸೆಕ್ಷನ್ ನೋಡಲು ಬರುತ್ತಾರೆ ಎಂದ ದಿನ ಧೂಳು ಹಿಡಿದ ಫೈಲುಗಳೆಲ್ಲ ಮೂಟೆ ಕಟ್ಟಿಕೊಂಡು ಲೇಡೀಸ್ ರೂಮಿಗೆ ಹೋಗಿ ಅಡಗುತ್ತಿದ್ದವು. ಪಕ್ಕದ ಸೆಕ್ಷನ್ನಿನ ಮನಿ ಪ್ಲಾಂಟ್ ಆ ದಿನದ ಮಟ್ಟಿಗೆ ನಮ್ಮದಾಗುತ್ತಿತ್ತು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ರಿಟೈರಾದ ದಿನದ ಭಾಷಣದಲ್ಲಿ ನನ್ನ ಮೇಲಧಿಕಾರಿ ಹೊಗಳಿದ್ದೂ ಅದನ್ನೇ. ಟಿಪ್ಪಣಿ ಬರೆಯುವುದರಲ್ಲಿ ನಾನು ಹೇಗಿದ್ದೆ ಅನ್ನುವುದರ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ.

ಈಗ ಕೆರೆಗೆ ಬರೋಣ. ಮಯೂರ್ ವಿಹಾರ್‌ನಲ್ಲಿ ನಮ್ಮ ಸೊಸೈಟಿಯ ಹಿಂಗೋಡೆಗೂ ಯಮುನೆಯ ಕಡೆಯ ಏರಿಗೂ ನಡುವೆ ಒಂದು ತಗ್ಗು ಜಾಗವಿದೆ. ಕೆರೆ ಎಂದು ಅಕ್ಕರೆಯಿಂದ ಕರೆಯುವವಳು ನಾನು ಮಾತ್ರ. ಮಿಕ್ಕವರಿಗೆ ಅದು 'ಪೀಛೇ ವಾಲಾ ಗಡ್ಢಾ', ಹಿಂದಿನ ಹೊಂಡ. ಈ ಫ್ಲ್ಯಾಟಿಗೆ ಬಂದ ಹೊಸದರಲ್ಲಿ ನಾನೂ ಮೂಗು ಮುರಿದಿದ್ದೆ. ಅಡುಗೆಮನೆ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಬೆವರು. ಆಳೆತ್ತರ ಜೊಂಡು, ಅದರ ನಡುವೆ ಅಲ್ಲಲ್ಲಿ ಪಾಚಿ ನೀರು. ಆದರೆ ಮೊದಲ ಚಳಿಗಾಲದ ಒಂದು ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿ ಕಿಟಕಿಯತ್ತ ತಿರುಗುತ್ತೇನೆ, ಜೊಂಡಿನ ಒಳಗಿನಿಂದ ನೀಲಿ ರೇಷ್ಮೆ ಉಟ್ಟು ಕೆಂಪು ಕುಂಕುಮ ಇಟ್ಟುಕೊಂಡ ಒಂದು ಕೋಳಿ, ಉದ್ದುದ್ದ ಕಾಲು ಎತ್ತೆತ್ತಿ ಇಡುತ್ತ, ಮದುವೆಮನೆಗೆ ತಡವಾಗಿ ಬಂದ ಬೀಗಿತ್ತಿಯ ಗತ್ತಿನಲ್ಲಿ ಹೊರಗೆ ಬಂತು. ಜಂಬುಕೋಳಿ! ಹೆಸರು ಆಮೇಲೆ ಗೊತ್ತಾದದ್ದು. ಅವತ್ತು ಒಗ್ಗರಣೆ ಸೀದು ಕರಕಲಾಯಿತು. ಅಲ್ಲಿಂದ ಮುಂದೆ ನಮ್ಮ ಮನೆಯ ಎಷ್ಟು ಒಗ್ಗರಣೆ ಸೀದಿದೆಯೋ ಲೆಕ್ಕವಿಲ್ಲ. ಬೆಳ್ಳಕ್ಕಿ, ಮಿಂಚುಳ್ಳಿ, ರೆಕ್ಕೆ ಒಣಗಿಸಲು ತೋಳು ಚಾಚಿ ನಿಲ್ಲುವ ನೀರುಕಾಗೆ, ಚಳಿಗೆ ಎಲ್ಲಿಂದಲೋ ಬರುವ ಬಾತುಗಳು. ನಮ್ಮನೆಯವರು ಉಪ್ಪಿಟ್ಟಿನಲ್ಲಿ ಕಪ್ಪು ಸಾಸಿವೆಯನ್ನು ಬದಿಗೆ ಸರಿಸುತ್ತ, "ಇವತ್ತು ಯಾವ ಹಕ್ಕಿ ಬಂದಿತ್ತು?" ಎಂದು ಕೇಳುವುದು ರೂಢಿಯಾಯಿತು.

ಇಂಥ ಜಾಗದ ಮೇಲೆ ಒಂದು ದಿನ ಪಾರ್ಕಿಂಗ್‌ನ ಕಣ್ಣು ಬಿತ್ತು. ದಿಲ್ಲಿಯಲ್ಲಿ ಕಾರು ನಿಲ್ಲಿಸುವ ಸಂಕಟ ಗೊತ್ತಿದ್ದವರಿಗೇ ಗೊತ್ತು. ನಮ್ಮನೆಯವರೇ ಸಂಜೆ ಹಾಲು ತರಲು ಕಾರು ತೆಗೆಯುವುದಿಲ್ಲ, ತೆಗೆದರೆ ಆ ಜಾಗ ಹೋಯಿತು ಎಂದೇ ಅರ್ಥ. ಹಾಗಾಗಿ ಕೆಳಗಿನ ಮಹಡಿಯ ಖುರಾನಾಜಿ, "ಹಿಂದಿನ ಹೊಂಡ ತುಂಬಿಸಿ ಮಹಡಿ ಮಹಡಿ ಪಾರ್ಕಿಂಗ್ ಕಟ್ಟಿಸೋಣ, ಅಲ್ಲಿ ನೀರೇ ಇಲ್ಲ, ಎಲ್ಲ ಒಣಗಿ ಹೋಗಿದೆ, ಬಿಲ್ಕುಲ್ ಖಾಲಿ ಪ್ಲಾಟ್" ಎಂದು ಹೊರಟಾಗ ಅರ್ಧ ಸೊಸೈಟಿ ಅವರ ಹಿಂದೆ ಹೋಯಿತು. ಖುರಾನಾಜಿ ಕೆಟ್ಟವರು ಎಂದು ಮಾತ್ರ ತಿಳಿಯಬೇಡಿ. ಭಾನುವಾರ ಅವರ ಮನೆಯಿಂದ ನಮಗೆ ಕಢಿ ಬರುತ್ತದೆ, ನಮ್ಮಿಂದ ಅವರಿಗೆ ಬಿಸಿಬೇಳೆಬಾತ್ ಹೋಗುತ್ತದೆ. ಜಗಳ ಏನಿದ್ದರೂ ಹೊಂಡದ ಬಗ್ಗೆ. ಡಬ್ಬಿ ವಾಪಸ್ ಕೊಡುವಾಗಲೂ ಅವರು "ಭಾಭಿಜಿ, ಸೊಳ್ಳೆ ಸಾಕಿ ಏನು ಪ್ರಯೋಜನ?" ಎಂದು ಕೇಳದೆ ಹೋಗುತ್ತಿರಲಿಲ್ಲ.

ಖುರಾನಾಜಿಯ ಎದುರು ನಿಂತವರು ನಾವು ಕೆಲವರು. ನಮ್ಮ ದಂಡನಾಯಕರು ಸುಬೇದಾರ್ ಪೊನ್ನಪ್ಪನವರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಮಗನ ಜೊತೆ ಇಲ್ಲೇ ಇದ್ದಾರೆ. ಕೆನ್ನೆ ಮೀರಿದ ಮೀಸೆ, ಕೊರಳಲ್ಲಿ ಸೀಟಿ. ಪ್ರತಿ ಭಾನುವಾರ ಬೆಳಗ್ಗೆ ಅವರ ಸೀಟಿ ಕೇಳಿದರೆ ನಾವೆಲ್ಲ ರಬ್ಬರ್ ಬೂಟು ಹಾಕಿಕೊಂಡು ಹಿಂದಿನ ಗೇಟಿಗೆ ಓಡಬೇಕು. ಪ್ಲಾಸ್ಟಿಕ್ ಹೆಕ್ಕುವುದು, ನೀರು ಮುಚ್ಚುವ ಅಂತರಗಂಗೆ ಎಳೆದು ಹಾಕುವುದು, ಕದ್ದು ಮಲ್ಬಾ ಸುರಿಯಲು ಬರುವ ಟ್ರ್ಯಾಕ್ಟರಿನ ಮುಂದೆ ಅಡ್ಡ ನಿಲ್ಲುವುದು. ಮಲ್ಬಾ ಎಂದರೆ ಒಡೆದ ಮನೆಗಳ ಇಟ್ಟಿಗೆ, ಗಾರೆ, ಮಣ್ಣು. ದಿಲ್ಲಿಯ ಕೆರೆಗಳ ಗಂಟಲಿಗೆ ಬಿದ್ದಿರುವುದು ಅದೇ. ಟ್ರ್ಯಾಕ್ಟರಿನ ಮುಂದೆ ಮೊದಲ ಸಲ ನಿಂತಾಗ ನನ್ನ ಎದೆ ಹೊಡೆದುಕೊಂಡದ್ದು ಹೇಳತೀರದು. ಡ್ರೈವರ್ "ಹಟೋ ಮಾತಾಜಿ" ಎಂದ. ಆ 'ಮಾತಾಜಿ' ಕೇಳಿ ಹೆದರಿಕೆ ಹೋಗಿ ಸಿಟ್ಟು ಬಂತು. ನಾನು ಅಲುಗಲಿಲ್ಲ. ಅವನೇ ಹಿಂದಕ್ಕೆ ಹೋದ. ಅವತ್ತು ಮನೆಗೆ ಬಂದು ಎಲ್ಲರಿಗೂ ಫೋನು ಮಾಡಿ ಹೇಳಿದ್ದೇ ಹೇಳಿದ್ದು.

ನಮ್ಮ ಅರ್ಜಿಗಳಿಗೂ ಖುರಾನಾಜಿಯ ಅರ್ಜಿಗಳಿಗೂ ಸೇರಿಸಿ ಸರ್ಕಾರದಿಂದ ಕೊನೆಗೊಂದು ಉತ್ತರ ಬಂತು. ಒಬ್ಬ ಅಧಿಕಾರಿ ಖುದ್ದಾಗಿ ಬಂದು ಜಾಗ ನೋಡುತ್ತಾರೆ. ಅಲ್ಲಿ ನೆಲದಿಂದ ಒಸರುವ ಜೀವಂತ ನೀರಿದ್ದರೆ ಕಟ್ಟಡ ಏಳುವಂತಿಲ್ಲ. ಒಣಗಿದ ಹೊಂಡವೆಂದಾದರೆ ಪಾರ್ಕಿಂಗ್‌ಗೆ ಹೋಗುತ್ತದೆ. ಅಂದರೆ, ನನ್ನ ಅಡುಗೆಮನೆ ಕಿಟಕಿಯಾಚೆಯ ಆ ಇಡೀ ಸಂಸಾರ ಒಂದು ಬೆಳಗಿನ ಮೇಲೆ ನಿಂತಿತ್ತು.

ಸುದ್ದಿ ಓದಿದ ಪೊನ್ನಪ್ಪನವರು ಗ್ರೂಪಿನಲ್ಲಿ ಬರೆದದ್ದು ಒಂದೇ ಶಬ್ದ: 'ಇನ್‌ಸ್ಪೆಕ್ಷನ್.' ಅಷ್ಟೇ ನೋಡಿ! ನನ್ನ ಮೈಯಲ್ಲಿ ಆ ಹಳೆಯ ಸ್ಟೇಷನ್ನಿನ ಗಂಟೆ ಹೊಡೆದ ಹಾಗಾಯಿತು. ನನಗೊಬ್ಬಳಿಗೇ ಅಲ್ಲ. ನಮ್ಮ ಗುಂಪಿನಲ್ಲಿರುವವರೆಲ್ಲ ಯಾರು? ಮೂರು ಹೊತ್ತೂ ಇನ್‌ಸ್ಪೆಕ್ಷನ್ ಉಂಡು ಬೆಳೆದ ಸರ್ಕಾರಿ ಪ್ರಾಣಿಗಳು. ಒಬ್ಬರು ಪೋಸ್ಟಲ್, ಒಬ್ಬರು ಆಡಿಟ್, ಒಬ್ಬರು ಆಕಾಶವಾಣಿ, ಎಲ್ಲರ ಮೇಲೆ ಒಬ್ಬ ಸುಬೇದಾರರು. ಸೈನ್ಯದವರಿಗಂತೂ ಸುಣ್ಣ ಕಂಡರೆ ನಮಗಿಂತ ಹೆಚ್ಚು ಪ್ರೀತಿ.

"ಮೇಡಂ, ನೀವು ಟೆನ್ಶನ್ ತಗೋಬೇಡಿ" ಎಂದರು ಪೊನ್ನಪ್ಪನವರು. "ಏರಿಯಾ ಶೈನ್ ಮಾಡಿಬಿಡ್ತೇನೆ. ಬಂದವರು ಸೆಲ್ಯೂಟ್ ಹೊಡೆದು ಹೋಗ್ಬೇಕು."

"ರಂಗೋಲಿ ನನ್ನದು, ಸುಬೇದಾರ್ ಸಾಹೇಬ್ರೇ" ಎಂದೆ.

ದೀಪಾವಳಿ ಆಗಷ್ಟೇ ಮುಗಿದಿತ್ತು. ಯಾರ ಮನೆಯಲ್ಲಿ ನೋಡಿದರೂ ಮಿಕ್ಕ ಸುಣ್ಣ, ಮಿಕ್ಕ ಗೇರು. ಇಲ್ಲಿಯ ಕೆಮ್ಮಣ್ಣಿಗೆ ಗೇರು ಎನ್ನುತ್ತಾರೆ. ನಾವು ಒಂದು ವಾರ ಮಾಡಿದ ಕೆಲಸ ಇದೆಯಲ್ಲ, ಅಪ್ಪ ನೋಡಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು. ಮೊದಲು ಜೊಂಡು. "ಕಾಡು ಬೆಳೆದ ಹಾಗೆ ಕಾಣಿಸುತ್ತೆ, ಮೇಂಟೇನ್ ಮಾಡಿಲ್ಲ ಅಂತಾರೆ" ಎಂದರು ಆಡಿಟ್‌ನವರು. ಮುಂಭಾಗದ ಜೊಂಡನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು ಹಾಕಿದೆವು. ಆಮೇಲೆ ಕಲ್ಲುಗಳು. ಹುಡುಕಿ ಹುಡುಕಿ ತಂದು ಸಾಲಾಗಿ ಜೋಡಿಸಿ, ಒಂದಕ್ಕೆ ಸುಣ್ಣ ಒಂದಕ್ಕೆ ಗೇರು, ಒಂದಕ್ಕೆ ಸುಣ್ಣ ಒಂದಕ್ಕೆ ಗೇರು. ಗೇಟಿನಿಂದ ಚೆಂಡುಹೂವಿನ ಕುಂಡಗಳು. ಕೊನೆಗೆ ಎದ್ದ ಪ್ರಶ್ನೆ, ಅಧಿಕಾರಿಯ ಬೂಟು ಒದ್ದೆಯಾದರೆ? ಸರ್ಕಾರಿ ನೌಕರಿ ಮಾಡಿದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಸಾಹೇಬರ ಬೂಟು ಒದ್ದೆಯಾದ ಕಡೆ ಯಾವ ಕಾಗದವೂ ಮುಂದೆ ಹೋಗಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ತಗ್ಗಿನ ಒಳಗಿನವರೆಗೂ ಇಟ್ಟಿಗೆ ಹಾಸಿ, ಸಂದಿಗೂ ಅಲ್ಲಲ್ಲಿ ನಿಂತ ಪಾಚಿ ನೀರಿಗೂ ಮರಳು ತುಂಬಿ, ಅಚ್ಚುಕಟ್ಟಾದ ಅಗಲ ದಾರಿ ಮಾಡಿದೆವು. ಇಟ್ಟಿಗೆಗಳಿಗೆ ಬರ ಇರಲಿಲ್ಲ. ನಾವೇ ತಡೆದು ನಿಲ್ಲಿಸಿದ್ದ ಟ್ರ್ಯಾಕ್ಟರಿನವರು ರಸ್ತೆ ಬದಿಗೆ ಸುರಿದು ಹೋದ ಮಲ್ಬಾದಿಂದಲೇ ಒಳ್ಳೊಳ್ಳೆಯವನ್ನು ಆರಿಸಿ ತಂದೆವು. ಹೊತ್ತು ತರುವಾಗ ಎಷ್ಟು ಹಾಡು, ಎಷ್ಟು ನಗು! ದಾರಿಯ ಕೊನೆಗೆ ನಾನು ಬಿಡಿಸಿದ ಕಮಲದ ರಂಗೋಲಿ, ಬಣ್ಣ ತುಂಬಿದ್ದು, ಮಲಗುವ ಕೋಣೆಯಷ್ಟು ದೊಡ್ಡದು.

ಅಧಿಕಾರಿ ಬರುವ ಹಿಂದಿನ ದಿನ ಬೆಳಗ್ಗೆ ಎಲ್ಲವೂ ತಯಾರು. ನಾವು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದೆವು. ಅಷ್ಟರಲ್ಲಿ ವಾಕಿಂಗ್‌ಗೆ ಹೊರಟ ಖುರಾನಾಜಿ ಗೇಟಿನಲ್ಲಿ ಇಣುಕಿದರು. ಇಣುಕಿದವರು ಅಲ್ಲೇ ನಿಂತರು. ಕನ್ನಡಕ ಒರೆಸಿಕೊಂಡರು. ಆಮೇಲೆ ಎರಡೂ ಕೈ ಚಾಚಿಕೊಂಡು ಒಳಗೆ ಬಂದರು.

"ಅರೇ ವಾಹ್! ಭಾಭಿಜಿ! ಸುಬೇದಾರ್ ಸಾಹಬ್! ಕಮಾಲ್ ಕರ್ ದಿಯಾ!" ನಿಜವಾದ ಸಂತೋಷದಿಂದ ಅವರ ದನಿ ನಡುಗುತ್ತಿತ್ತು. "ನೀವೂ ಒಪ್ಪಿಕೊಂಡಿರಿ ಅಂತ ಯಾರೂ ನನಗೆ ಹೇಳಲೇ ಇಲ್ಲವಲ್ಲ! ಏನು ಲೆವೆಲ್ಲಿಂಗ್, ಏನು ಲೆವೆಲ್ಲಿಂಗ್! ಇನ್ನೇನು, ಕಾರು ನಿಲ್ಲಿಸೋ ಗೆರೆ ಎಳೆಯೋದೊಂದೇ ಬಾಕಿ."

ಫೋನು ತೆಗೆದು ಎಲ್ಲ ಕೋನದಿಂದ ಫೋಟೋ ಹೊಡೆದುಕೊಂಡರು. ಪೊನ್ನಪ್ಪನವರ ಕೈ ಹಿಡಿದು ಕುಲುಕಿದರು. ಸಂಜೆ ಗಾಜರ್ ಹಲ್ವಾ ಕಳಿಸುತ್ತೇನೆ ಎಂದು ಹೇಳಿ ಕುಣಿಯುತ್ತ ಹೋದರು.

ಆಗ ಕೇಳಿಸಿತು ನನಗೆ. ಏನೂ ಕೇಳಿಸದೇ ಇದ್ದದ್ದು ಕೇಳಿಸಿತು. ಒಂದು ಹಕ್ಕಿಯ ಸದ್ದಿಲ್ಲ. ಕಣ್ಣೆತ್ತಿ ನೋಡಿದರೆ ಕೆಂಪು ಬಿಳಿ ಕಲ್ಲುಗಳ ನಡುವೆ ಗಟ್ಟಿ ಇಟ್ಟಿಗೆಯ ನೆಲ, ಮರಳು, ಕುಂಡ, ಕಮಲ. ಕೆರೆ ಎಲ್ಲಿ? ಯಾರ್ಯಾರನ್ನೋ ತಡೆದು, ಟ್ರ್ಯಾಕ್ಟರಿಗೆ ಅಡ್ಡ ನಿಲ್ಲುವ ತನಕ ಹೋಗಿದ್ದ ನಾವೇ, ಅದೇ ಮಲ್ಬಾ ಹೊತ್ತು ತಂದು, ಹಾಡು ಹೇಳಿಕೊಂಡು, ಕೆರೆ ಮುಚ್ಚಿದ್ದೆವು. ರಂಗೋಲಿಯ ಮೇಲೆಯೇ ಕೂತುಬಿಟ್ಟೆ.

ಮಗಳು ಮೇಘನಾ ಅವತ್ತು ರಜೆಯಲ್ಲಿ ಮನೆಯಲ್ಲಿದ್ದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಆಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿಯುತ್ತಾಳೆ. ನಮ್ಮ ಮುಖ ನೋಡಿ ಓಡಿ ಬಂದವಳು, ಜಾಗ ನೋಡಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಯೇ ಕ್ಯಾ ಕಿಯಾ! ಇದು ಕೆರೆ ಅಲ್ಲ, ರಿಪಬ್ಲಿಕ್ ಡೇ ಪರೇಡ್!"

"ನಗಬೇಡ ಕಣೇ" ಎಂದೆ. ಅಳುವೂ ಬರುತ್ತಿತ್ತು. "ನಾಳೆ ಬೆಳಗ್ಗೆ ಬರ್ತಾರೆ."

"ತೋ? ಇವತ್ತು ಪೂರಾ ದಿನ ಇದೆಯಲ್ಲ. ತೆಗೀರಿ ಎಲ್ಲ."

"ಮತ್ತೆ ಜೊಂಡು? ಅದನ್ನ ಅಂಟಿಸೋಕಾಗುತ್ತಾ?"

"ಬೇರು ಇದೆಯಲ್ಲ ಅಮ್ಮಾ. ಬೆಳೆಯುತ್ತೆ. ಆದ್ರೆ ಇಟ್ಟಿಗೆ ಕೆಳಗೆ ಹೇಗೆ ಬೆಳೆಯುತ್ತೆ?"

ಪೊನ್ನಪ್ಪನವರು ಮೀಸೆ ಸವರಿಕೊಂಡರು. ಒಂದು ಗಳಿಗೆ ಅವರ ಕಣ್ಣೂ ತುಂಬಿದ್ದನ್ನು ನಾನು ನೋಡಿದೆ. ಮರುಗಳಿಗೆ ಸೀಟಿ ಬಾಯಿಗೆ ಹೋಯಿತು. ಸೊಸೈಟಿಯ ಎಲ್ಲ ಬಾಲ್ಕನಿಗಳಿಗೂ ಕೇಳುವಂತೆ ಊದಿದರು. "ಪೂರಾ ಉಲ್ಟಾ! ಹಾಕಿದ್ದೆಲ್ಲ ತೆಗೀರಿ! ಚಲೋ!"

ಆ ದಿನದ ಖುಷಿಯನ್ನು ಹೇಗೆ ಹೇಳಲಿ? ಕಟ್ಟುವಾಗ ಇದ್ದ ಸಂಭ್ರಮ ಏನೇನೂ ಅಲ್ಲ, ಕೀಳುವಾಗ ಬಂದ ಸಂಭ್ರಮದ ಮುಂದೆ. ಕುಂಡಗಳು ಗೇಟು ದಾಟಿದವು. ಬಣ್ಣದ ಕಲ್ಲುಗಳು ಒಂದರ ಹಿಂದೆ ಒಂದು ಕೈ ಬದಲಾಯಿಸಿ ಹೊರಗೆ ಹೋದವು. ನನ್ನ ಕಮಲವನ್ನು ನಾನೇ ಪೊರಕೆಯಿಂದ ಗುಡಿಸಿ ಬುಟ್ಟಿಗೆ ತುಂಬಿದೆ, ಎಷ್ಟು ಚೆನ್ನಾಗಿ ಬಂದಿತ್ತು ಎಂದು ಒಂದು ಕ್ಷಣ ಹೊಟ್ಟೆ ಉರಿಯಿತು. ಆಮೇಲೆ ಇಟ್ಟಿಗೆ. ಬರಿಗೈಯಲ್ಲಿ, ಕಳೆ ಕೀಳುವ ಕುರ್ಪಿಯಲ್ಲಿ, ಅಡುಗೆಮನೆಯ ಸಟ್ಟುಗದಲ್ಲಿ ಎಬ್ಬಿಸಿದೆವು. ಎಬ್ಬಿಸಿದ ಕಡೆ ಕೆಸರು 'ಪಚಕ್' ಎನ್ನುತ್ತಿತ್ತು. ಪೋಸ್ಟಲ್‌ನ ಕಮಲಮ್ಮ ಒಂದು ಕಾಲು ಹೂತು, ಅದನ್ನು ಎಳೆಯಲು ಹೋಗಿ ಇನ್ನೊಂದನ್ನೂ ಹೂತು, ನಿಂತಲ್ಲೇ ನಕ್ಕು ನಕ್ಕು ಸುಸ್ತಾದರು. ಮಧ್ಯಾಹ್ನದ ಹೊತ್ತಿಗೆ ನೋಡುತ್ತೇನೆ, ನಮ್ಮನೆಯವರು! ಅವರು ಪಾರ್ಕಿಂಗ್ ಪಾರ್ಟಿ ಎಂದು ನನಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳದಿದ್ದರೂ. ಪೈಜಾಮವನ್ನು ಮೊಣಕಾಲ ಮೇಲೆ ಕಟ್ಟಿಕೊಂಡು ಬಂದು ನನ್ನ ಪಕ್ಕದ ಇಟ್ಟಿಗೆಗೆ ಕೈ ಹಾಕಿದರು.

"ಕಾರು?" ಎಂದೆ.

"ಕಾರು ಎಲ್ಲಾದ್ರೂ ನಿಲ್ಲುತ್ತೆ ಕಣೇ" ಎಂದರು. "ಆ ನೀಲಿ ಕೋಳಿ ಎಲ್ಲಿ ನಿಲ್ಲುತ್ತೆ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ನನಗೆ ಹೇಳಿದ ಮಾತುಗಳಲ್ಲಿ ಇಷ್ಟು ಚಂದದ್ದು ಬೇರೆ ನೆನಪಿಗೆ ಬರುವುದಿಲ್ಲ. ಕೆಸರು ಕೈಯಲ್ಲೇ ಅವರ ಬೆನ್ನು ತಟ್ಟಿದೆ. ಆ ಬನಿಯನ್ ಆಮೇಲೆ ಬೆಳ್ಳಗಾಗಲೇ ಇಲ್ಲ.

ಹೊತ್ತು ಮುಳುಗುವ ಮುಂಚೆ ಕೊನೆಯ ಇಟ್ಟಿಗೆ ಎದ್ದಿತು. ಆದರೆ ನೋಡಲು ಏನಿತ್ತು? ಬೋಳು ನೆಲ, ಜೊಂಡಿನ ಕೂಳೆ, ಇಟ್ಟಿಗೆ ಕಿತ್ತ ಜಾಗದಲ್ಲಿ ಸಾಲು ಸಾಲು ಗುಳಿಗಳು. ಕೆರೆಗಿಂತ ಹೆಚ್ಚಾಗಿ ಹಲ್ಲು ಕಿತ್ತ ವಸಡಿನ ಹಾಗಿತ್ತು. ನಾವು ಕಿತ್ತದ್ದರ ಸುಳಿವಿಲ್ಲದ ಖುರಾನಾಜಿಯ ಮನೆಯಿಂದ ಹಲ್ವಾ ಬಂತು. ಯಾರೂ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಮರುದಿನ ಬೆಳಗ್ಗೆ ಅಧಿಕಾರಿ ಬಂದರು. ನಾನು ನನ್ನ ಅಪ್ಪನ ಕಾಲದ ದೊಡ್ಡ ಸಾಹೇಬರನ್ನು ಕಲ್ಪಿಸಿಕೊಂಡಿದ್ದೆ. ಬಂದದ್ದು ಮೇಘನಾಳಿಗಿಂತ ಸ್ವಲ್ಪ ದೊಡ್ಡವಳಿರಬಹುದಾದ ಹೆಣ್ಣುಮಗಳು, ಕಾಲಲ್ಲಿ ಮಣ್ಣು ಮೆತ್ತಿದ ಹಳೆಯ ಕ್ಯಾನ್ವಾಸ್ ಬೂಟು. ಆ ಬೂಟು ಒದ್ದೆಯಾಗಬಾರದೆಂದು ನಾವು ಇಷ್ಟೆಲ್ಲ ಮಾಡಿದ್ದು! ಸ್ವಾಗತದ ಮಾತು ಶುರು ಮಾಡಿದೆ. "ನಮಸ್ತೆ ಆಂಟಿಜಿ" ಎಂದು ಅವರು ನನ್ನನ್ನು ಅರ್ಧಕ್ಕೇ ನಿಲ್ಲಿಸಿ ನೇರ ತಗ್ಗಿನತ್ತ ನಡೆದರು.

ಅಷ್ಟರಲ್ಲಿ ಖುರಾನಾಜಿ ಬಂದರು. ನಮ್ಮ ಕೆಲಸ ನೋಡಿ ಅವರ ಮುಖ ಕಪ್ಪಿಟ್ಟಿತು, ಪಾಪ, ಮೋಸ ಹೋದೆನೆಂಬ ಸಂಕಟ. ಫೋನು ತೆಗೆದು ಅಧಿಕಾರಿಯ ಮುಂದೆ ಹಿಡಿದರು. "ನೋಡಿ ಮ್ಯಾಡಂ, ಇದು ನಿನ್ನೆಯ ಫೋಟೋ. ಈ ಜನರೇ ಹಾಸಿದ ಇಟ್ಟಿಗೆ. ಒಂದು ಹನಿ ನೀರಿದೆಯಾ? ಸೂಖಾ, ಬಿಲ್ಕುಲ್ ಸೂಖಾ."

ಪೊನ್ನಪ್ಪನವರು ನೆಲ ನೋಡುತ್ತಿದ್ದರು. ಫೋಟೋ ಸುಳ್ಳು ಹೇಳುತ್ತಿರಲಿಲ್ಲ. ನಾವು ಕೈಯಾರೆ ಮಾಡಿ ಕೊಟ್ಟ ಸಾಕ್ಷಿ ಅದು.

ಅಧಿಕಾರಿ ಫೋಟೋ ನೋಡಿದರು. ನೆಲ ನೋಡಿದರು. ಮತ್ತೆ ಫೋಟೋ, ಮತ್ತೆ ನೆಲ. ಆಮೇಲೆ ಒಂದು ಗುಳಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತರು. "ಇದರಲ್ಲಿ ನೀರು ಯಾರು ಹಾಕಿದ್ದು?"

ಆಗಲೇ ನಾನೂ ನೋಡಿದ್ದು! ನಿನ್ನೆ ಸಂಜೆ ಖಾಲಿ ಬಿಟ್ಟು ಹೋದ ಗುಳಿಗಳೆಲ್ಲ ತುಂಬಿದ್ದವು. ಇಟ್ಟಿಗೆಯಷ್ಟೇ ಉದ್ದ, ಇಟ್ಟಿಗೆಯಷ್ಟೇ ಅಗಲ, ದಾರಿಯುದ್ದಕ್ಕೂ ಸಾಲಾಗಿ ಚೌಕ ಚೌಕ ನೀರು, ಒಂದೊಂದರಲ್ಲೂ ಒಂದೊಂದು ತುಂಡು ಆಕಾಶ.

"ಯಾರೂ ಹಾಕಿಲ್ಲ" ಎಂದೆ. ಹಿಂದಿಯಲ್ಲಿ ಹೇಳಿದೆನೋ ಕನ್ನಡದಲ್ಲೋ ಗೊತ್ತಿಲ್ಲ.

"ರಾತ್ರಿ ಟ್ಯಾಂಕರ್ ತರಿಸಿರ್ತಾರೆ" ಎಂದರು ಖುರಾನಾಜಿ.

"ಖುರಾನಾ ಸಾಹಬ್!" ಪೊನ್ನಪ್ಪನವರ ಮೀಸೆ ನಿಮಿರಿತು. ಅಧಿಕಾರಿ ಕೈ ಎತ್ತಿ ಇಬ್ಬರನ್ನೂ ತಡೆದರು. ಚಹಾಕ್ಕೆಂದು ನಾನು ತಂದಿಟ್ಟಿದ್ದ ಒಂದು ಕಪ್ಪನ್ನು ಎತ್ತಿಕೊಂಡರು. ಗುಳಿಯ ನೀರನ್ನು ಅದರಿಂದ ಮೊಗೆದು ಮೊಗೆದು ದೂರಕ್ಕೆ ಚೆಲ್ಲಿದರು, ತಳದ ಕಪ್ಪು ಮಣ್ಣು ಕಾಣುವವರೆಗೆ. "ಈಗ ನೋಡೋಣ" ಎಂದರು.

ನಾವೆಲ್ಲ ಸುತ್ತ ಬಗ್ಗಿ ನಿಂತೆವು. ಕೆರೆ ಉಳಿಸುವವರು, ಕೆರೆ ಮುಚ್ಚುವವರು, ಎಲ್ಲರ ತಲೆಯೂ ಒಂದು ಇಟ್ಟಿಗೆಯಷ್ಟಗಲದ ಗುಳಿಯ ಮೇಲೆ. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ನಮ್ಮ ಸುಣ್ಣ, ನಮ್ಮ ಮರಳು, ಏನು ಮಾಡಿಬಿಟ್ಟೆವೋ, ಒಳಗಿನ ಸೆಲೆಯ ಕಣ್ಣುಗಳೆಲ್ಲ ಮುಚ್ಚಿ ಹೋದವೋ ಏನೋ ಎಂದು ನಾನು ನಮ್ಮನೆಯವರ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡಿದ್ದೆ. ದೇವರ ಹೆಸರೂ ನೆನಪಿಗೆ ಬರಲೊಲ್ಲದು.

"ಆಯಾ!" ಯಾರೋ ಕೂಗಿದರು. "ಆಯಾ, ಆಯಾ! ವೋ ದೇಖೋ! ಮೂಲೆ ಸೇ! ಕೋನೇ ಸೇ!"

ಬಂತು, ಬಂತು ಎಂದು ಕೂಗಿದ್ದು ಖುರಾನಾಜಿ. ಬೆರಳು ಚಾಚಿ, ಮಂಡಿಯೂರಿ, ಮಗುವಿನ ಹಾಗೆ. ನನ್ನಿಂದ ಕಲಿತ ಒಂದೇ ಒಂದು ಕನ್ನಡ ಶಬ್ದ, 'ಮೂಲೆ', ಅದೂ ಆ ಗಡಿಬಿಡಿಯಲ್ಲಿ ಅವರ ಬಾಯಿಂದ ಹೊರಬಿತ್ತು. ಗುಳಿಯ ಮೂಲೆಯಲ್ಲಿ ಮಣ್ಣು ಮೊದಲು ಹೊಳೆಯಿತು. ಆಮೇಲೆ ಹೊಳಪು ಹರಡಿತು. ಆಮೇಲೆ ಸಣ್ಣಗೆ, ಯಾರ ಅಪ್ಪಣೆಗೂ ಕಾಯದೆ, ತಳ ಮುಚ್ಚಿಕೊಂಡು ನೀರು ಮೇಲೇರಿತು.

ನಾನು ಕುಣಿದೆ. ಸುಳ್ಳಲ್ಲ, ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು, ಕೆಸರಲ್ಲಿ ಕುಣಿದೆ. ಮೇಘನಾ ನನ್ನನ್ನು ತಬ್ಬಿಕೊಂಡಳು. ಪೊನ್ನಪ್ಪನವರು ಅಧಿಕಾರಿಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಆ ಹೆಣ್ಣುಮಗಳು ನಾಚಿಕೊಂಡು ಕೈ ಮುಗಿದು, ಕಪ್ಪನ್ನು ಗುಳಿಯ ಅಂಚಿಗೆ ಇಟ್ಟು ಎದ್ದರು. "ಪಾರ್ಕಿಂಗ್‌ಗೆ ಬೇರೆ ಜಾಗ ಹುಡುಕಿ, ಅಂಕಲ್" ಎಂದರು ಖುರಾನಾಜಿಗೆ ಮೆತ್ತಗೆ. "ಇಲ್ಲಿ ಕಟ್ಟಲು ನಾನು ಒಪ್ಪುವುದಿಲ್ಲ. ಇದು ಜೀವಂತ ನೀರು." ಒದ್ದೆ ಬೂಟಿನಲ್ಲೇ ಪಚಪಚ ಸದ್ದು ಮಾಡುತ್ತ ಗೇಟಿನತ್ತ ನಡೆದರು.

ನಾವೆಲ್ಲ ಅವರನ್ನು ಕಳಿಸಲು ಹಿಂದೆಯೇ ಓಡಿದೆವು. ಜೀಪು ಹೋದ ಮೇಲೆ ಖುರಾನಾಜಿಯ ನೆನಪಾಯಿತು. ಸೋತವರಿಗೆ ಒಂದು ಒಳ್ಳೆಯ ಮಾತಾದರೂ ಆಡೋಣವೆಂದು ತಿರುಗಿ ಬಂದರೆ ಅವರು ಅಲ್ಲೇ ಇದ್ದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿಗೆಲ್ಲ ಕೆಸರು ಮೆತ್ತಿತ್ತು. ಕಪ್ಪನ್ನು ಕೈಗೆತ್ತಿಕೊಂಡು ಗುಳಿಯ ನೀರನ್ನು ಮತ್ತೆ ಮೊಗೆದು ಚೆಲ್ಲುತ್ತಿದ್ದರು.

"ಏನು ಮಾಡ್ತಿದೀರಿ, ಭಾಯಿಸಾಹಬ್?" ಎಂದೆ.

ಅವರು ತಲೆ ಎತ್ತಲಿಲ್ಲ. "ಶ್! ಮಾತಾಡಬೇಡಿ ಭಾಭಿಜಿ" ಎಂದರು. "ಬನ್ನಿ, ಇಲ್ಲಿ ಕೂತ್ಕೊಳ್ಳಿ. ಇನ್ನೊಂದು ಸಲ ನೋಡೋಣ."